ಗಿಡ್ಡ ಪೈಪು

ಬನ್ನಿಮಂಟಪದ ಶೆಡ್ಡಿನಲ್ಲಿ ಪ್ಯಾರೇಜಾನ್
ಟೆಂಪೋದ ಹೊಟ್ಟೆಯಡಿ ಮಲಗಿಕೊಂಡೇ
ಎರಡು ಪೈಪು ತೋರಿಸಿದ.
ಉದ್ದದ್ದು ಇಂಜಿನ್ನಿಗೆ, ಟ್ಯಾಂಕಿನ ತಳದವರೆಗೆ.
ಗಿಡ್ಡದ್ದು ಜನರೇಟರಿಗೆ,
ಕಾಲು ಟ್ಯಾಂಕು ಉಳಿದಿರುವಾಗಲೇ ಬಾಯಿಗೆ ಗಾಳಿ ಸಿಗುವಷ್ಟು.
"ಫ್ಯಾನು, ಫ್ರಿಜ್ಜು, ಅಕ್ಕೋರ ಮಿಕ್ಸಿ, ನೀರೆತ್ತೋ ಮೋಟ್ರು,
ಎಲ್ಲಾ ಮೇಲಿನ ಮುಕ್ಕಾಲಲ್ಲಿ ಬದುಕ್ಕೊಳ್ಳಲಿ ಅಣ್ಣ.
ಕೆಳಗಿನ ಕಾಲು ಚಕ್ರದ್ದು.
ಅದನ್ನ ಯಾರೂ ಕೇಳ್ಬಾರ್ದು."

ಇವರು ಕೇಳಿದರು.
ಮೂವತ್ತೆರಡು ವರ್ಷ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಅದ್ದಿ
ಊರೂರಿನ ಕ್ಯಾನುಗಳನ್ನು ಅನುಮಾನಿಸಿದವರು
ಇನ್ನೊಬ್ಬರ ಲೆಕ್ಕವನ್ನು ಹಾಗೇ ನುಂಗುತ್ತಾರೆಯೇ.
"ಎರಡಿಂಚು ಇಳಿಸಪ್ಪ," ಅಂದರು.
ಕೆಳಗಿನಿಂದ ಉತ್ತರ ಬರಲಿಲ್ಲ,
ಸ್ಪ್ಯಾನರ್ ಕಲ್ಲಿಗೆ ತಗುಲಿದ ಸದ್ದು ಬಂತು.

ಮೀಟರಿನ ಮುಳ್ಳನ್ನೂ ಇವರು ನಂಬರು.
ಏರಿನಲ್ಲಿ ತುಂಬಿದೆ ಅನ್ನುತ್ತೆ, ಇಳಿಜಾರಲ್ಲಿ ಬರಿದು ಅನ್ನುತ್ತೆ,
ನೀರು ಬೆರೆಸಿದವನ ಮುಖದ ಹಾಗೆ.
ಅದಕ್ಕೇ ಒಂದು ಬಿದಿರ ಕಡ್ಡಿ, ಚಾಕುವಿನಿಂದ ಎಳೆದ ಗೀಟುಗಳು.
ದಿನಾ ಸಂಜೆ ಇಳಿಸಿ, ಎತ್ತಿ, ಟಾರ್ಚ್ ಬಿಟ್ಟು,
ಹಾಲಿಗೆ ಮಾಡುತ್ತಿದ್ದ ಮುಖವನ್ನೇ ಡೀಸೆಲ್ಲಿಗೂ ಮಾಡಿ
ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ:
ಮೇಲುಕೋಟೆ. ಫ್ಯಾನು ಆರು ತಾಸು. ಒಂದು ಗೀಟು.
ತಲಕಾಡು. ಕರೆಂಟ್ ಒಲೆ, ಉಪ್ಸಾರು. ಅರ್ಧ ಗೀಟು.
ಉಪ್ಸಾರಿಗೆ ಅರ್ಧವಾ, ಅಂತ ನನ್ನ ಕಡೆ ನೋಡುತ್ತಾರೆ,
ಹುರುಳಿಕಾಳು ಬೇಯದಿರುವುದು ನನ್ನ ಹಟವೆಂಬಂತೆ.

ಏಪ್ರಿಲ್ ತಿಂಗಳು, ಕನ್ನಂಬಾಡಿ ಹಿನ್ನೀರು.
ನಾವು ಗಾಡಿ ನಿಲ್ಲಿಸಿದ್ದು ಸಂಕ್ರಾಂತಿಯಲ್ಲಿ ಮೀನು ಓಡಾಡಿದ ಜಾಗ.
ಮಣ್ಣು ಬಿಸ್ಕತ್ತಿನ ಹಾಗೆ ಬಿರಿದಿತ್ತು,
ನೀರು ದೂರದಲ್ಲಿ, ಕರೆದರೆ ಕೇಳಿಸುವಷ್ಟು.
ರಾತ್ರಿ ಎರಡಕ್ಕೆ ಜನರೇಟರ್ ಕೆಮ್ಮಿತು,
ಇನ್ನೊಮ್ಮೆ ಕೆಮ್ಮಿತು,
ಸುಮ್ಮನಾಯಿತು.
ಫ್ಯಾನು ತನ್ನ ಸಾಲ ತೀರಿಸುವವರ ಹಾಗೆ ನಿಧಾನ ಸುತ್ತಿ ನಿಂತಿತು.
ಮೊದಲು ಟಿಟ್ಟಿಭದ ಕೂಗು ಕೇಳಿಸಿತು,
ಆಮೇಲೆ ಇವರು ಎದ್ದು ಕೂತದ್ದು.

ಫ್ರಿಜ್ಜಿನಲ್ಲಿ ನನ್ನ ಇನ್ಸುಲಿನ್, ಎರಡು ಶೀಸೆ.
"ಅವತ್ತೇ ಹೇಳಿದ್ದೆ, ಎರಡಿಂಚು!"
ರಬ್ಬರ್ ಟ್ಯೂಬು ಹುಡುಕಿದರು, ಕ್ಯಾನು ಹುಡುಕಿದರು.
ತಳದ್ದನ್ನ ಎಳೆದು ಜನರೇಟರಿಗೆ ಕುಡಿಸ್ತೀನಿ, ಬೆಳಗಿನವರೆಗೆ ಸಾಕು.
ಬೆಳಗಿನ ಮೇಲೆ? ಅಂದೆ.
ಬಂಕು ಹದಿನಾಲ್ಕು ಕಿಲೋಮೀಟರು.
ತಳ್ಳೋದಾ?
ಟ್ಯೂಬು ಕೈಯಲ್ಲೇ ಇತ್ತು.

ದಿನಾ ಪೇಪರಿನಲ್ಲಿ ಕಟ್ಟೆಯ ಮಟ್ಟ ಓದುವ ಮನುಷ್ಯ.
ಎಷ್ಟಡಿ ಒಳಹರಿವು, ಎಷ್ಟಡಿ ಹೊರಹರಿವು, ಬಾಯಿಪಾಠ.
ತೂಬಿಗೆ ಎಟುಕದ ನೀರೂ ಒಂದಿಷ್ಟು ಅಲ್ಲೇ ಇರುತ್ತದೆ,
ಯಾವ ನಾಲೆಗೂ ಇಳಿಯದ್ದು,
ಮೀನಿಗೆ ಬಿಟ್ಟದ್ದು.
ನಾನು ಹೇಳಲಿಲ್ಲ. ಕಿಟಕಿಯಾಚೆ ಇತ್ತು, ಕಾಣುತ್ತಿತ್ತು.

ಕುಡಿಯುವ ನೀರಿನ ಮಡಿಕೆ ಅರ್ಧ ಚೆಲ್ಲಿ
ಶೀಸೆಗಳನ್ನು ಡಬ್ಬಿಯಲ್ಲಿಟ್ಟು ತೇಲಿಬಿಟ್ಟೆ,
ಇವರದೇ ಹಳೇ ಪಂಚೆ ನೆನೆಸಿ ಸುತ್ತಿದೆ,
ಗಾಳಿ ಬರುವ ಬಾಗಿಲಲ್ಲಿಟ್ಟೆ.
ನಮ್ಮವ್ವ ಕೊಪ್ಪದ ಸಂತೆಗೆ ಬೆಣ್ಣೆ ಹೀಗೇ ಒಯ್ಯುತ್ತಿದ್ದಳು.
ಇವರು ಮೂರು ಸಲ ಎದ್ದು ಪಂಚೆಗೆ ನೀರು ಚಿಮುಕಿಸಿದರು,
ನಾನು ನಿದ್ದೆ ಮಾಡಿದ ಹಾಗೆ ಮಲಗಿದ್ದೆ.

ಬೆಳಕಾಗುವ ಮುಂಚೆ ಕಡ್ಡಿ ಇಳಿಸಿದರು.
ಕೊನೆಯ ಗೀಟಿನವರೆಗೆ ಕಪ್ಪಾಗಿ, ಒದ್ದೆಯಾಗಿ ಬಂತು.
ಮೂಸಿ ನೋಡಿದರು, ಯಾಕೋ.
ಕೀ ತಿರುಗಿಸಿದ ಮೊದಲ ಸಲಕ್ಕೇ ಇಂಜಿನ್ ಎದ್ದಿತು.

ಪ್ಯಾರೇಜಾನನ ಹೆಸರೆತ್ತಲಿಲ್ಲ.
ಬಂಕಿನಲ್ಲಿ ಸಾಲು ಉದ್ದವಿತ್ತು,
ಸ್ಟೀರಿಂಗಿನ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆದರು:
ಹಿನ್ನೀರು. ಮಡಿಕೆ ಐದು ತಾಸು.
ಗೀಟಿಲ್ಲ.